ಅಂಗಿ ತೆಗೆಯದವನು

ನಮ್ಮ ಅಪ್ಪ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನನ್ನು ನಂಬುತ್ತಿರಲಿಲ್ಲ, ಬಸ್ ಕಂಡಕ್ಟರನನ್ನು ನಂಬುತ್ತಿರಲಿಲ್ಲ, ಪಂಚಾಂಗ ಅಚ್ಚು ಹಾಕಿದವರನ್ನೂ ನಂಬುತ್ತಿರಲಿಲ್ಲ. ಎರಡೆರಡು ಪಂಚಾಂಗ ತಂದು ತಿಥಿಗಳನ್ನು ತಾಳೆ ನೋಡುತ್ತಿದ್ದರು. ಅದಕ್ಕೆ ಅವರ ಉದ್ಯೋಗವೂ ಕಾರಣ. ವಿಜಾಪುರದ ಕಡೆಯಿಂದ ಪುಣೆಗೆ ಬಂದು ಮೂವತ್ತು ವರ್ಷ ಮಾರ್ಕೆಟ್ ಯಾರ್ಡಿನ ಒಂದು ಕಾಳಿನ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಲಾರಿಯಿಂದ ಇಳಿದ ಚೀಲಕ್ಕೆ ಚೂಪಾದ ಕಬ್ಬಿಣದ ಕೊಳವೆ ಚುಚ್ಚಿ, ಒಳಗಿನ ತೊಗರಿಯನ್ನೋ ಕಡಲೆಯನ್ನೋ ಅಂಗೈಗೆ ಸುರಿದುಕೊಂಡು, ಮೂಸಿ, ಹಲ್ಲಿಗೆ ಹಾಕಿ ನೋಡುವುದು ಅವರ ಕೆಲಸ. ಚೀಲದ ಬಾಯಿ ಬಿಚ್ಚುವ ಹಾಗಿಲ್ಲ. ಕೊಳವೆ ತೆಗೆದ ಮೇಲೆ ತೂತನ್ನು ಬೆರಳಿನಿಂದ ತಿಕ್ಕಿದರೆ ಸೆಣಬು ತಾನೇ ಮುಚ್ಚಿಕೊಳ್ಳುತ್ತಿತ್ತು. "ಮ್ಯಾಲಿಂದು ಛಲೋನೇ ಇರತದ. ತಳದಾಗ ಏನದ ಅಂತ ಯಾರಿಗೆ ಗೊತ್ತು?" ಎನ್ನುವುದು ಅವರ ಮಾತು. ಊಟಕ್ಕೆ ಕೂತಾಗ ಸಾರಿನ ಪಾತ್ರೆಗೆ ಸೌಟು ಇಳಿಬಿಟ್ಟುಕೊಂಡು ಅವ್ವನಿಗೂ ಅದೇ ಮಾತು ಹೇಳುತ್ತಿದ್ದರು.

ಅಂಥವರ ಮಗ ನಾನು. ಮತ್ತು ನನ್ನಲ್ಲಿ ಬಚ್ಚಿಡುವಂಥದ್ದೊಂದಿತ್ತು.

ಹನ್ನೆರಡನೆಯ ವಯಸ್ಸಿನಲ್ಲಿ ನಾನು ಒಣಗಿದ ಕಡ್ಡಿ. ಅಪ್ಪ ಊರಿಗೆ ಹೋದಾಗ ಒಬ್ಬ ವೈದ್ಯನಿಂದ ಲೇಹ್ಯ ತಂದರು, ಅಗಲ ಬಾಯಿಯ ಗಾಜಿನ ಭರಣಿಯಲ್ಲಿ. ದಿನಾ ಬೆಳಿಗ್ಗೆ ಒಂದು ಚಮಚ. ನಾನು ಉಗುಳಿಬಿಡುತ್ತೇನೆಂಬ ಗುಮಾನಿಯಿಂದ ಎದುರಿಗೇ ನಿಂತು ನುಂಗಿಸುತ್ತಿದ್ದರು. "ಬಾಯಿ ತಗಿ. ನಾಲಗಿ ಎತ್ತು" ಎಂದು ಒಳಗೆಲ್ಲ ನೋಡುತ್ತಿದ್ದರು. ಭರಣಿ ತೀರಿದಾಗಲೆಲ್ಲ ಊರಿಂದ ತುಂಬಿಸಿ ತರುವುದು. ಎರಡು ವರ್ಷ ತಿಂದೆ. ಮೈ ತುಂಬಿಕೊಂಡಿತು, ಅಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಅವರು ಜನ್ಮದಲ್ಲಿ ನಂಬಿದ್ದು ಆ ಭರಣಿಯೊಂದನ್ನೇ ಇರಬೇಕು. ಆಮೇಲೆ ಅವ್ವ ಅದನ್ನು ತಿಕ್ಕಿ ತೊಳೆದು ಹುಣಸೆಹಣ್ಣು ಹಾಕಿಟ್ಟಳು. ಪುಣೆಯಲ್ಲೇ ಕೋಥರೂಡಿನ ಫ್ಲ್ಯಾಟಿಗೆ ಬಂದಾಗಲೂ ಆ ಭರಣಿ ನಮ್ಮೊಂದಿಗೇ ಬಂತು.

ಹದಿನಾಲ್ಕಕ್ಕೆ ನನ್ನ ಎದೆ ಬೆಳೆಯತೊಡಗಿತು. ಗಂಡುಹುಡುಗರಿಗೆ ಬೆಳೆಯಬಾರದ ಹಾಗೆ. ಮೊದಲು ತೊಟ್ಟಿನ ಕೆಳಗೆ ಬಟಾಣಿಯಷ್ಟು ಗಂಟು, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ನೋವು ಹೋಯಿತು, ಗಂಟು ಬೆಳೆಯಿತು, ಎರಡೂ ಕಡೆ. ತಾನಾಗಿ ಇಳಿದೀತೆಂದು ಒಂದು ವರ್ಷ ಕಾದೆ, ಎರಡು ವರ್ಷ ಕಾದೆ. ಇಳಿಯಲಿಲ್ಲ. ಅಂಗಿಯ ಒಳಗೆ ಬಿಗಿಯಾದ ಬನಿಯನ್, ಮೇಲೆ ಸಡಿಲ ಅಂಗಿ, ಬೆನ್ನು ಬಾಗಿಸಿದ ನಡಿಗೆ. ಕಾಲೇಜಿನಲ್ಲಿ ಯಾರಾದರೂ ಹಿಂದೆ ನಕ್ಕರೆ ಅದು ನನ್ನನ್ನು ನೋಡಿಯೇ ಎಂದು ಖಾತ್ರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಬೇರೆಯವರ ಮನೆಯಲ್ಲಿ ಹುಟ್ಟಿದ್ದರೆ ಅಂಗಿ ತೊಟ್ಟುಕೊಂಡೇ ಜನ್ಮ ಕಳೆಯಬಹುದಿತ್ತೇನೋ. ನಮ್ಮದು ಮಾಧ್ವರ ಮನೆ. ಸಂಧ್ಯಾವಂದನೆಗೆ ಬರಿ ಮೈ, ಪೂಜೆಗೆ ಬರಿ ಮೈ, ಮಠದ ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಪಂಚೆಯ ಮೇಲೆ ಬರಿ ಮೈ. ಎದೆಗೆ ತೋಳಿಗೆ ಗೋಪಿಚಂದನದ ಮುದ್ರೆ ಬೇರೆ. ಹಚ್ಚಿಕೊಂಡಿದ್ದಾನೋ ಇಲ್ಲವೋ ಎಂದು ಬಡಿಸುವವರೂ ಕಣ್ಣು ಹಾಯಿಸುತ್ತಾರೆ. ನಾನು ಶಲ್ಯ ಬಿಗಿಯಾಗಿ ಸುತ್ತಿಕೊಂಡು, ಅದರೊಳಗೆ ಬನಿಯನ್ ಬಿಟ್ಟುಕೊಂಡು, ಕಂಬದ ಮರೆ ಹಿಡಿದು ಕೂಡುತ್ತಿದ್ದೆ. ಕೇಳಿದವರಿಗೆ ಒಮ್ಮೆ ನೆಗಡಿ, ಒಮ್ಮೆ ಬೆವರುಸಾಲೆ. ತೊಂಬತ್ತರ ದಶಕ ಪೂರ್ತಿ ನನಗೆ ನೆಗಡಿಯೇ ಬಿಡಲಿಲ್ಲ.

ಅಂಗಿ ತೆಗೆಯದ ಬ್ರಾಹ್ಮಣನ ಬಗ್ಗೆ ಜನ ಏನೆಂದುಕೊಳ್ಳುತ್ತಾರೆ? ಜನಿವಾರ ಕಿತ್ತೆಸೆದಿದ್ದಾನೆ ಎಂದುಕೊಳ್ಳುತ್ತಾರೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಹಣೆಬರಹ ನನ್ನದಾಯಿತು. ತತ್ತಿ ತಿನ್ನುತ್ತಾನಂತೆ, ಬೇರೆ ಜಾತಿಯ ಹುಡುಗಿ ಇದ್ದಾಳಂತೆ, ಮೈಮೇಲೆ ತೊನ್ನು ಇದೆಯಂತೆ. ಒಂದು ಕನ್ಯೆಯ ಕಡೆಯವರು ಜಾತಕ ಕೂಡಿದ ಮೇಲೂ ಈ ತೊನ್ನಿನ ಸುದ್ದಿ ಕೇಳಿ ಹಿಂದೆ ಸರಿದರು. ಅಪ್ಪನಿಗಂತೂ ಜನಿವಾರದ್ದೇ ಸಂಶಯ. "ಹಾಕ್ಕೊಂಡೀನಿ ಅಪ್ಪಾ, ಜನಿವಾರದಾಣಿ" ಎಂದು ಅಂಗಿಯ ಮೇಲಿಂದಲೇ ಹಿಡಿದುಕೊಂಡು ಎಷ್ಟು ಸಲ ಆಣೆ ಮಾಡಿದ್ದೇನೋ. ಒಂದು ಸಲವೂ ಅವರು ನಂಬಲಿಲ್ಲ. ಅವ್ವ ತನ್ನದೇ ಪರೀಕ್ಷೆ ಇಟ್ಟುಕೊಂಡಿದ್ದಳು. ಸ್ನಾನವಾದ ಮೇಲೆ ಜನಿವಾರಕ್ಕೆ ಚೂರು ಅರಿಸಿನ ಹಚ್ಚುವುದು ನಮ್ಮ ಮನೆಯ ಪದ್ಧತಿ. ಒಗೆಯುವ ಮುಂಚೆ ನನ್ನ ಬನಿಯನ್ನನ್ನು ಬೆಳಕಿಗೆ ಹಿಡಿದು, ಎಡ ಹೆಗಲಿನಿಂದ ಬಲ ಪಕ್ಕೆಗೆ ಹಳದಿ ಗೆರೆ ಇದೆಯೋ ಎಂದು ನೋಡುತ್ತಿದ್ದಳು. ಗೆರೆ ಯಾವಾಗಲೂ ಇರುತ್ತಿತ್ತು. ಅಪ್ಪನಿಗೆ ಹೇಳಿದರೆ, "ಅರಿಸಿನ ಹಚ್ಚೂದು ಯಾರಿಗೆ ಬರೂದಿಲ್ಲ?" ಎನ್ನುತ್ತಿದ್ದರು.

ಹೇಳಿಬಿಡಬಾರದಿತ್ತೇ ಎಂದು ನೀವು ಕೇಳಬಹುದು. ಯಾವ ಬಾಯಿಂದ ಹೇಳಲಿ? ಹೇಳಿದರೆ ತೋರಿಸು ಅನ್ನುತ್ತಿದ್ದರು. ಕೊಳವೆ ಚುಚ್ಚದೆ ಬಿಡುವ ಮನುಷ್ಯನಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಅಷ್ಟೇ. ಸ್ನಾನದ ಮನೆಯ ಕನ್ನಡಿಯನ್ನೇ ತಿರುಗಿಸಿಟ್ಟು ಮೈ ತೊಳೆಯುವವನಿಗೆ ಅಪ್ಪನ ಮುಂದೆ ಬಿಚ್ಚುವ ಧೈರ್ಯ ಎಲ್ಲಿಂದ ಬರಬೇಕು?

ಇಸವಿ ಎರಡು ಸಾವಿರ ದಾಟಿತ್ತು, ನನಗೆ ಮೂವತ್ತರ ಹತ್ತಿರ. ರಾಯರ ಆರಾಧನೆಯ ದಿನ ಮಠದಲ್ಲಿ ಬಡಿಸುತ್ತಿದ್ದ ಹಿರಿಯರೊಬ್ಬರು ನನ್ನ ಎಲೆಯ ಮುಂದೆ ನಿಂತುಬಿಟ್ಟರು. ಕೈಯಲ್ಲಿ ಅನ್ನದ ಬುಟ್ಟಿ. "ಶಲ್ಯದೊಳಗ ಬನಿಯನ್ ಕಾಣಸ್ತದ. ತಗೀರಿ. ಇಲ್ಲಾ ಪಂಕ್ತಿ ಬಿಡ್ರಿ." ಇಡೀ ಸಾಲು ನನ್ನ ಕಡೆ ತಿರುಗಿತು. ಪಕ್ಕದಲ್ಲಿ ಅಪ್ಪ. ನಾನು ಎದ್ದುಬಿಟ್ಟೆ. ಬಡಿಸಿದ ಎಲೆ ಬಿಟ್ಟು ಎದ್ದವನನ್ನು ನಮ್ಮವರು ಮರೆಯುವುದಿಲ್ಲ. ಅಪ್ಪ ತಲೆ ತಗ್ಗಿಸಿ ತೊವ್ವೆ ಕಲಸುತ್ತಲೇ ಇದ್ದರು, ಬಾಯಿಗೆ ಒಯ್ಯಲಿಲ್ಲ.

ಮನೆಗೆ ಬಂದವರೇ, "ತೋರ್ಸು" ಎಂದರು. ನಾನು ಕೊರಳಪಟ್ಟಿಯಿಂದ ಜನಿವಾರ ಎಳೆದು ತೋರಿಸಿದೆ.

"ಈಗ ಹಾಕ್ಕೊಂಡು ಬಂದಿ. ಪಾಕೀಟಿನ್ಯಾಗ ಇಟ್ಕೊಂಡು ತಿರಗತಿ ನೀ."

"ಇಲ್ರಿ ಅಪ್ಪಾ. ಇದರಾಣಿ."

"ಆಣಿ ಬ್ಯಾಡ. ಮುಂದಿನ ಶ್ರಾವಣದಾಗ ಉಪಾಕರ್ಮಕ್ಕ ಬಾ. ಅಂಗಿ, ಬನಿಯನ್ ಎಲ್ಲಾ ತಗದು ನನ್ನ ಮಗ್ಗಲಾಗ ಕೂಡು. ಕೂಡಲಿಲ್ಲಂದ್ರ, ನಾ ಸತ್ತಾಗ ನನಗ ಕೊಳ್ಳಿ ಇಡಬ್ಯಾಡ. ನಿಮ್ಮ ಕಾಕಾನ ಮಗ ಇಡತಾನ. ಅವಂಗ ಹೇಳಿ ಇಟ್ಟೀನಿ."

ಉಪಾಕರ್ಮವೆಂದರೆ ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಹಳೆಯ ಜನಿವಾರ ತೆಗೆದು ಹೊಸದು ಹಾಕಿಕೊಳ್ಳುವ ದಿನ. ನಾನು ಪ್ರತಿ ವರ್ಷ ಮನೆಯಲ್ಲೇ ಬಾಗಿಲು ಹಾಕಿಕೊಂಡು ಬದಲಿಸುತ್ತಿದ್ದೆ. ಅಪ್ಪನಿಗೆ ಅದಾಗಲೇ ಒಮ್ಮೆ ಹೃದಯದ ತ್ರಾಸು ಬಂದು ಹೋಗಿತ್ತು, ಆಡಿದ ಮಾತು ಹುಡುಗಾಟದ್ದಲ್ಲ. ನಾನು ಅವರಿಗೆ ಒಬ್ಬನೇ ಮಗ. ಮಗನಿದ್ದೂ ಬೇರೆಯವನ ಕೈಯಿಂದ ಬೆಂಕಿ ತೆಗೆದುಕೊಳ್ಳುತ್ತೇನೆ ಎಂದು ಅಪ್ಪ ಅಂದದ್ದು ನನ್ನ ಎದೆಗೆ ನೇರ ತಗುಲಿತು.

ಅದಾದ ಕೆಲವು ತಿಂಗಳಿಗೆ, ಆಫೀಸಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಮರಾಠಿ ಪೇಪರ್ ಓದುತ್ತಿದ್ದಾಗ ಒಂದು ಸಣ್ಣ ಜಾಹೀರಾತು ಕಂಡಿತು. ಗಂಡಸರ ಎದೆಯ ಉಬ್ಬಿಗೆ ಚಿಕಿತ್ಸೆ, ದೊಡ್ಡ ಕೊಯ್ತವಿಲ್ಲ, ಸಣ್ಣ ತೂತು ಅಷ್ಟೇ, ಅದೇ ದಿನ ಮನೆಗೆ. ಸುತ್ತ ನೋಡಿದೆ. ಯಾರೋ ಬೇಕೆಂದೇ ನನ್ನ ಟೇಬಲ್ಲಿನ ಮೇಲೆ ಇಟ್ಟು ಹೋಗಿದ್ದಾರೆಂದು ಅನಿಸಿತು. ಹಾಗೆ ಆಗುವುದು ನನಗೆ ಒಬ್ಬನಿಗೇ ಅಲ್ಲ, ಅದಕ್ಕೊಂದು ಡಾಕ್ಟರೂ ಇದ್ದಾನೆ ಎಂಬುದು ಗೊತ್ತಾಗಿದ್ದೇ ಆಗ. ಆದರೆ ಅದೇ ದಿನ ಮನೆಗೆ ಅಂದರೇನು? ಹಲ್ಲು ಕೀಳಿಸಿಕೊಂಡರೂ ಎರಡು ದಿನ ಮಲಗುವ ಜನ ನಾವು.

ಆಸ್ಪತ್ರೆ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಒಳಗೆ ಹೋಗಲಿಲ್ಲ. ಮೂರು ಶನಿವಾರ ಎದುರಿನ ಚಹಾದ ಅಂಗಡಿಯಲ್ಲಿ ನಿಂತು, ಹತ್ತಿ ಹೋದ ಗಂಡಸರು ಇಳಿದು ಬರುತ್ತಾರೋ ಇಲ್ಲವೋ ಎಂದು ನೋಡಿದೆ. ಬರುತ್ತಿದ್ದರು. ಬರುವಾಗ ಮುಖ ಹೇಗಿದೆ, ಕೈ ಎಲ್ಲಿ ಹಿಡಿದುಕೊಂಡಿದ್ದಾರೆ ಎಂದೂ ನೋಡಿದೆ. ಅಪ್ಪ ಚೀಲ ನೋಡುವ ಹಾಗೆಯೇ ನೋಡುತ್ತಿದ್ದೇನೆಂದು ಮೂರನೆಯ ಶನಿವಾರ ಹೊಳೆದು ನಗು ಬಂತು. ನಾಲ್ಕನೆಯದಕ್ಕೆ ಹತ್ತಿದೆ.

ಡಾಕ್ಟರು ನನಗಿಂತ ಐದಾರು ವರ್ಷ ದೊಡ್ಡವರಿರಬೇಕು, ಮರಾಠಿ ಮನುಷ್ಯ, ಮಾತು ನಿಧಾನ. ಅಂಗಿ ತೆಗೆಯಿರಿ ಎಂದರು. ಹದಿನೈದು ವರ್ಷದಲ್ಲಿ ಮೊದಲ ಸಲ ಮತ್ತೊಬ್ಬರ ಮುಂದೆ ತೆಗೆದೆ. ಗುಂಡಿ ಬಿಚ್ಚಲು ಎಷ್ಟು ಹೊತ್ತು ಹಿಡಿಯಿತೆಂದರೆ ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅಷ್ಟು ಮಾಡಿದ್ದಕ್ಕೆ ಅವರ ಮೇಲೆ ಚೂರು ವಿಶ್ವಾಸ ಹುಟ್ಟಿತು. ಇದಕ್ಕೆ ಗೈನಕೋಮ್ಯಾಸ್ಟಿಯಾ ಅನ್ನುತ್ತಾರೆ, ಬಹಳ ಗಂಡಸರಿಗೆ ಇರುತ್ತದೆ, ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೇ ಎಂದರು. ಕಂಕುಳ ಪಕ್ಕದಲ್ಲಿ ಒಂದು ಸಣ್ಣ ತೂತು ಮಾಡಿ, ಮರಗಟ್ಟಿಸುವ ಔಷಧ ಬೆರೆಸಿದ ಉಪ್ಪುನೀರು ತುಂಬಿ, ತೆಳುವಾದ ಕೊಳವೆಯಿಂದ ಕೊಬ್ಬು ಎಳೆಯುವುದು. ಉಳಿದ ಗಟ್ಟಿ ಗಂಟನ್ನು ತೊಟ್ಟಿನ ಅಂಚಿನಲ್ಲಿ ಉಗುರಿನಷ್ಟು ಕೊಯ್ದು ಹೊರಗೆಳೆಯುವುದು. ಪೆನ್ನಿನಿಂದ ನನ್ನ ಮೈಮೇಲೇ ಚುಕ್ಕಿ ಇಟ್ಟು ತೋರಿಸಿದರು.

"ಇಷ್ಟು ಸಣ್ಣ ತೂತಿನಿಂದ ಅದೆಲ್ಲ ಹೇಗೆ ಬರುತ್ತದೆ?" ಎಂದು ಮರಾಠಿಯಲ್ಲಿ ಕೇಳಿದೆ. ಮೊದಲು ಮಾಡಿದವರ ಫೋಟೋ ತೋರಿಸಿದರು, ಮೊದಲಿನದು ಆಮೇಲಿನದು. ಯಾವುದರಲ್ಲೂ ತಲೆ ಇಲ್ಲ, ಬರಿ ಮುಂಡ. ತಲೆಯಿಲ್ಲದ ಫೋಟೋ ಯಾರದಾದರೇನು? ಎರಡೂ ಒಬ್ಬನದೇ ಎನ್ನುವುದಕ್ಕೆ ಏನು ಗುರುತು? ಅದನ್ನೂ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಘಾಬರೂ ನಕಾ" ಎಂದರು, ಹೆದರಬೇಡಿ ಎಂದು. ಹೆದರಬೇಡಿ ಅನ್ನುವವರನ್ನು ಕಂಡರೇ ನನಗೆ ಹೆದರಿಕೆ.

ಉಪಾಕರ್ಮಕ್ಕೆ ಎರಡು ತಿಂಗಳಿತ್ತು. ರಕ್ತ ಪರೀಕ್ಷೆ ಎಲ್ಲ ಮುಗಿದು, ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು, ನೀರೂ ಕುಡಿಯಬಾರದು ಎಂದಾಗ ನನಗೆ ದಾರಿ ಹೊಳೆಯಿತು. ಜ್ಯೇಷ್ಠದ ಏಕಾದಶಿ ಬರುತ್ತಿತ್ತು, ನಿರ್ಜಲದ್ದು. ನಮ್ಮ ಮನೆಯಲ್ಲಿ ಅವತ್ತು ಒಲೆಯೇ ಹೊತ್ತುವುದಿಲ್ಲ, ಯಾಕೆ ತಿನ್ನಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಪಂಚಾಂಗ ನೋಡಿ ಆಪರೇಷನ್ನಿಗೆ ದಿನ ಹಿಡಿದವನು ಆ ಡಾಕ್ಟರಿಗೆ ನಾನೊಬ್ಬನೇ ಸಿಕ್ಕಿರಬೇಕು. ಪೊಟ್ಟಣ ಕಟ್ಟಿದಂತೆ ಎಲ್ಲ ಸರಿಯಾಗಿದೆ ಎಂದುಕೊಂಡು ಬೆಳಿಗ್ಗೆ ಆಫೀಸಿಗೆ ಹೋಗುವವನಂತೆ ಹೊರಟೆ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಸಿಸ್ಟರು, "ಜಾನವೇ ಕಾಢಾ" ಎಂದಳು, ಜನಿವಾರ ತೆಗೆಯಿರಿ ಎಂದು. ಇದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ! ಮುಂಜಿಯಾದ ದಿನದಿಂದ ಮೈಬಿಟ್ಟು ಹೋಗದ ವಸ್ತು. ತೆಗೆಯುವುದಿಲ್ಲ ಎಂದೆ. ಎದೆಯ ಮೇಲೆ ಇರುವ ಹಾಗಿಲ್ಲ ಎಂದಳು. ಮೂತ್ರಕ್ಕೆ ಹೋಗುವಾಗ ನಮ್ಮವರು ಜನಿವಾರವನ್ನು ಬಲಗಿವಿಗೆ ಸುತ್ತಿಕೊಳ್ಳುತ್ತಾರಲ್ಲ, ಅದು ನೆನಪಾಯಿತು. ಕಿವಿಗಿದ್ದರೆ ಮೈಮೇಲಿದ್ದ ಹಾಗೆಯೇ, ಶಾಸ್ತ್ರಕ್ಕೆ ಬಾಧಕವಿಲ್ಲ ಎಂದು ನನ್ನಷ್ಟಕ್ಕೆ ತೀರ್ಪು ಕೊಟ್ಟುಕೊಂಡು, ಇಡೀ ಜನಿವಾರವನ್ನು ಕಿವಿಗೆ ಸುತ್ತಿ ಸುತ್ತಿ ಮೇಲೆ ಹಸಿರು ಟೊಪ್ಪಿಗೆ ಎಳೆದುಕೊಂಡೆ. ಆಕೆ ನಕ್ಕು "ಬರಂ" ಎಂದಳು, ಆಗಲಿ ಎಂದು. ಸೂಜಿ ಚುಚ್ಚಿದರು. ಗಾಯತ್ರಿ ಅರ್ಧಕ್ಕೆ ಬಂದಿತ್ತು, ಮುಂದಿನದು ನೆನಪಿಲ್ಲ.

ಎಚ್ಚರವಾದಾಗ ಎದೆಯ ಮೇಲೆ ಯಾರೋ ಕಲ್ಲು ಹೇರಿದಂತಿತ್ತು. ಮೊದಲು ಕೈ ಹೋದದ್ದು ಎದೆಗಲ್ಲ, ಕಿವಿಗೆ. ಏನೂ ಇಲ್ಲ. ಟೊಪ್ಪಿಗೆಯೂ ಇಲ್ಲ. ಟೊಪ್ಪಿಗೆ ಕಸಕ್ಕೆ ಹೋಯಿತು, ಕಸ ಕೆಳಗೆ ಹೋಯಿತು, ಅದರೊಟ್ಟಿಗೇ ಹೋಗಿರಬೇಕು ಎಂದು ಸಿಸ್ಟರು ಮುಖ ಸಣ್ಣದು ಮಾಡಿಕೊಂಡಳು. ಡಾಕ್ಟರು ಒಂದು ಗಾಜಿನ ಸೀಸೆ ತಂದು ತೋರಿಸಿದರು, ಹಳದಿ ಕೆಂಪು ಬೆರೆತದ್ದು ಒಳಗೆ. ನನ್ನದೇ ಏನು ಗ್ಯಾರಂಟಿ ಎಂದು ಕೇಳಬೇಕೆನ್ನಿಸಿತು, ನಾಲಗೆ ಏಳಲಿಲ್ಲ. ಗಂಟಿನ ತುಂಡನ್ನು ಪರೀಕ್ಷೆಗೆ ಕಳಿಸುತ್ತೇವೆ, ಎಲ್ಲರದೂ ಕಳಿಸುತ್ತೇವೆ ಎಂದರು. ಮೈಗೆ ಕಚ್ಚಿಕೊಳ್ಳುವ ಎಲಾಸ್ಟಿಕ್ ಅಂಗಿಯೊಂದನ್ನು ತೊಡಿಸಿದ್ದರು, ಮುಂದೆ ಸಾಲಾಗಿ ಕೊಂಡಿ. ಆರು ವಾರ ಅದನ್ನು ಬಿಡುವ ಹಾಗಿಲ್ಲ. ಸಂಜೆಗೆ ಖರೇನೇ ಮನೆಗೆ ಕಳಿಸಿದರು.

ಸ್ಕೂಟರಿನಿಂದ ಬಿದ್ದೆ, ಪಕ್ಕೆಗೆ ಪೆಟ್ಟಾಗಿದೆ, ಪಟ್ಟಿ ಹಾಕಿದ್ದಾರೆ ಎಂದು ಅವ್ವನಿಗೆ ಹೇಳಿ ಮಲಗಿದೆ. ಹೊಸ ಜನಿವಾರ ಮಂಡಈ ಮಾರುಕಟ್ಟೆಯಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ, ಆದರೆ ತಲೆಯ ಮೇಲಿಂದ ಹಾಕಿಕೊಳ್ಳಲು ಕೈ ಎತ್ತಬೇಕು. ನನ್ನ ಕೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ನೋಡೋಣ ಎಂದುಕೊಂಡೆ. ಜನಿವಾರವಿಲ್ಲದೆ ಉಣ್ಣುವುದು ಪಾಪವೆಂದು ಗೊತ್ತಿದ್ದೂ ಉಂಡೆ. ಅವ್ವನ ಪರೀಕ್ಷೆ ಮಾತ್ರ ನನಗೆ ಮರೆತೇಹೋಗಿತ್ತು.

ಐದನೆಯ ದಿನ ಬೆಳಿಗ್ಗೆ ಅಪ್ಪನ ಪೂಜೆ ಮುಗಿಯುವುದನ್ನೇ ಕಾದಿದ್ದು, ಅವ್ವ ನಾನು ನಾಲ್ಕು ದಿನದಿಂದ ಬನಿಯನ್ ಇಲ್ಲದೆ ತೊಟ್ಟ ಅಂಗಿಗಳನ್ನು ತಂದು, ಒಳಮಗ್ಗುಲು ಮೇಲೆ ಮಾಡಿ ಅವರ ಮುಂದೆ ಹಾಸಿದಳು. ಬೆಳ್ಳಗೆ, ಹಳದಿ ಗೆರೆಯ ಸುಳಿವಿಲ್ಲ.

"ಇಷ್ಟು ವರ್ಷ ನಾ ನಿನ್ನ ಕಡೆ ಮಾತಾಡೀನಿ," ಎಂದಳು ನನಗೆ. "ಈಗ ಏನು ಹೇಳಲೋ ಇವರಿಗೆ?"

ಅಪ್ಪ ಕೂಗಾಡಲಿಲ್ಲ. "ಅಂಗಿ ತಗಿ" ಎಂದರು, ಅಷ್ಟೇ.

ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಗುಂಡಿ ಬಿಚ್ಚಿದೆ, ತೋಳಿನಿಂದ ಅಂಗಿ ಎಳೆಯಲು ಆಗದೆ ಅವ್ವನೇ ಎಳೆದಳು. ಒಳಗಿನದನ್ನು ನೋಡಿ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯ ರಾಮಾ! ಇದೇನೋ ಇದು! ಹೆಂಗಸರದು ಹಾಕ್ಕೊಂಡೀಯಲ್ಲೋ!" ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನಾನು ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿದೆ, ಮೇಲಿನಿಂದ ಕೆಳಗೆ. "ನೋಡ್ರಿ ಅಪ್ಪಾ" ಎಂದೆ. ಅವರು ತಿರುಗಲಿಲ್ಲ. ನನಗೆ ಸಿಟ್ಟು ಬಂತು. "ಇಷ್ಟು ವರ್ಷ ತೋರ್ಸು ತೋರ್ಸು ಅಂದ್ರಲ್ಲಾ, ಈಗ ನೋಡ್ರಿ!"

ನೋಡಿದರು. ಎದೆ ಮಟ್ಟಸವಾಗಿತ್ತು, ಆದರೆ ಕಂಕುಳಿನಿಂದ ಹೊಟ್ಟೆಯವರೆಗೆ ನೇರಳೆ, ಹಸಿರು, ಹಳದಿ ಬಣ್ಣ. ಪಕ್ಕಕ್ಕೆ ಒಂದೊಂದು ಕರಿ ಹೊಲಿಗೆ. ಜನಿವಾರ ಇಲ್ಲ. ಎಲ್ಲ ಹೇಳಿದೆ, ಹದಿನಾಲ್ಕನೆಯ ವಯಸ್ಸಿನಿಂದ ಹಿಡಿದು ಹಸಿರು ಟೊಪ್ಪಿಗೆಯವರೆಗೆ. ಅವ್ವ ಅಳುತ್ತಿದ್ದಳು. ಅಪ್ಪ ಹತ್ತಿರ ಬಂದು, ಕನ್ನಡಕ ಏರಿಸಿ, ಹೊಲಿಗೆಯನ್ನೇ ನೋಡಿದರು.

"ಇದರಾಗಿಂದನ ತಗದ್ರೇನು?"

"ಹೌದ್ರಿ. ಕೊಳವಿ ಹಾಕಿ."

"ಚೀಲ ಬಿಚ್ಚದನ," ಎಂದು ತಮ್ಮಷ್ಟಕ್ಕೆ ಅಂದರು. ಆಮೇಲೆ, "ತಳದಾಗ ಏನಿತ್ತು ಅಂತ ಯಾರು ನೋಡ್ಯಾರ?"

ಒಳಗೆ ಹೋಗಿ ಡಬ್ಬಿಯಿಂದ ಹೊಸ ಜನಿವಾರ ತಂದರು. ಅರಿಸಿನ ಹಚ್ಚಿದರು. ನನ್ನ ಕೈ ಏಳುವುದಿಲ್ಲ ಎಂದು ತಾವೇ ಮಂತ್ರ ಹೇಳಿ ತಲೆಯ ಮೇಲಿಂದ ಇಳಿಸಿ, ಹೊಲಿಗೆಗೆ ತಾಗದಂತೆ ಪಕ್ಕಕ್ಕೆ ಸರಿಸಿದರು. ಅವರ ಬೆರಳು ತಣ್ಣಗಿದ್ದವು. ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಸಂಶಯ ಕಡಿಮೆಯಾಗಲಿಲ್ಲ, ಜಾಗ ಬದಲಿಸಿತು. ಅಪ್ಪ ಮಧ್ಯಾಹ್ನ ಊಟ ಮಾಡಿ ಛತ್ರಿ ಹಿಡಿದು ಎಲ್ಲಿಗೋ ಹೋಗತೊಡಗಿದರು. ಕೇಳಿದರೆ "ಮಠಕ್ಕ". ಮಠ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಕಾಕಾನ ಮಗನ ಮನೆಗೆ ಹೋಗುತ್ತಿದ್ದಾರೆ, ಕೊಳ್ಳಿಯ ಮಾತು ಪಕ್ಕಾ ಮಾಡುತ್ತಿದ್ದಾರೆ ಎಂದು ನನಗೆ ಗುಮಾನಿ. ಇಂಥ ಮೈಯವನು ಮಗನೇ ಅಲ್ಲ ಅನ್ನಿಸಿರಬೇಕು ಎಂದುಕೊಂಡೆ. ನನ್ನ ಜೊತೆ ಮಾತು ಪೂರ್ತಿ ನಿಂತಿತ್ತು, ತಟ್ಟೆಗೆ ಉಪ್ಪು ಕೇಳುವುದಕ್ಕೂ ಅವ್ವನ ಮಧ್ಯಸ್ಥಿಕೆ. ಅದೇ ವಾರ ಅವ್ವನ ಹುಣಸೆಹಣ್ಣಿನ ಭರಣಿ ಕಾಣೆಯಾಯಿತು. ಹಣ್ಣನ್ನು ತಟ್ಟೆಗೆ ಸುರಿದು ಭರಣಿಯಷ್ಟೇ ಒಯ್ದಿದ್ದರು. ಭಾಂಡೆ ತಿಕ್ಕುವವಳದೇ ಕೆಲಸ ಎಂದು ಅವ್ವ ಹಟ ಹಿಡಿದಳು. "ಹಣ್ಣು ಬಿಟ್ಟು ಬರೇ ಭರಣಿ ಒಯ್ಯೂದು ಅಂದ್ರ! ಎಂಥಾ ಶಾಣ್ಯಾ ಕಳ್ಳಿ ನೋಡು!" ಪಾಪ, ಆಕೆಗೆ ಹದಿನೈದು ದಿನ ಚಹಾ ಸಿಗಲಿಲ್ಲ.

ಆರು ವಾರಕ್ಕೆ ಡಾಕ್ಟರ ಹತ್ತಿರ ಹೋದೆ. ಗಾಯ ಒಣಗಿತ್ತು, ಗುರುತು ಹುಡುಕಬೇಕು. ಪರೀಕ್ಷೆಯ ಕಾಗದದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಎಲ್ಲ ಮುಗಿದ ಮೇಲೆ ಅವರು ಮೇಜಿನ ಕೆಳಗಿನಿಂದ ನಮ್ಮ ಅವ್ವನ ಭರಣಿಯನ್ನು ತೆಗೆದು ಮೇಲಿಟ್ಟರು.

ನಾನು ಎದ್ದುನಿಂತೆ.

"ನಿಮ್ಮ ತಂದೆಯವರು ಮೂರು ಸಲ ಬಂದಿದ್ದರು," ಎಂದರು ಡಾಕ್ಟರು. "ನಿಮಗೆ ಹೇಳಬಾರದು ಎಂದು ಮಾತು ತೆಗೆದುಕೊಂಡಿದ್ದಾರೆ. ಆದರೆ ಇದನ್ನು ಎಷ್ಟು ದಿನ ಇಟ್ಟುಕೊಳ್ಳಲಿ?"

ಮೊದಲ ಸಲ ಬಂದು, ಕ್ಯಾನ್ಸರ್ ಇತ್ತೇ ಎಂದು ಕೇಳಿದರಂತೆ. ಇಲ್ಲ ಎಂದರೆ ನಂಬಲಿಲ್ಲ, ಕೊಳವೆಗೆ ಬಂದದ್ದು ಮೇಲಿನದು, ತಳ ನೋಡಿದ್ದೀರಾ ಎಂದರಂತೆ. ಎರಡನೆಯ ಸಲ ಪರೀಕ್ಷೆಯ ಕಾಗದವನ್ನು ಪದ ಪದ ಮರಾಠಿಯಲ್ಲಿ ಹೇಳಿಸಿಕೊಂಡರಂತೆ. ಮೂರನೆಯ ಸಲ ಚೀಲದಿಂದ ಈ ಭರಣಿ ತೆಗೆದರಂತೆ. ಮಗ ತೆಳ್ಳಗಿದ್ದ, ಇದರಲ್ಲಿದ್ದ ಲೇಹ್ಯವನ್ನು ನಾನೇ ಎರಡು ವರ್ಷ ಬಾಯಿ ತೆಗೆಸಿ ತೆಗೆಸಿ ನುಂಗಿಸಿದೆ, ಅದು ಬಿಟ್ಟದ್ದೇ ಇದು ಶುರುವಾಯಿತಂತೆ, ನನ್ನಿಂದಲೇ ಆಯಿತೇ, ಭರಣಿ ಪರೀಕ್ಷೆ ಮಾಡಿ ಹೇಳಿ ಎಂದರಂತೆ. ಹದಿನೈದು ವರ್ಷ ಹುಣಸೆಹಣ್ಣು ತುಂಬಿದ್ದ ಭರಣಿ.

ಅಪ್ಪ ಎರಡು ಬಸ್ಸು ಬದಲಿಸಿ, ಎರಡು ಮಹಡಿ ಹತ್ತಿ, ಆ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದು ಕಣ್ಣಿಗೆ ಕಟ್ಟಿತು. ಅಷ್ಟು ದಿನ ನಾನು ಅವರ ಬಗ್ಗೆ ಏನೇನು ಊಹಿಸಿದ್ದೆ! ಥೂ ನನ್ನ ಬುದ್ಧಿಗೆ.

"ಲೇಹ್ಯದಿಂದ ಆದದ್ದೇ?" ಎಂದು ಕೇಳಿದೆ.

ಡಾಕ್ಟರು ಸುಳ್ಳು ಹೇಳುವ ಮನುಷ್ಯನಲ್ಲ. "ಹೇಳಲು ಬರುವುದಿಲ್ಲ. ಆ ವಯಸ್ಸಿಗೆ ತಾನಾಗಿಯೇ ಬರುವುದೇ ಹೆಚ್ಚು. ಆದರೆ ಕೆಲವು ಔಷಧಗಳಿಂದಲೂ ಬರುತ್ತದೆ. ಅದರಲ್ಲಿ ಏನು ಹಾಕಿದ್ದರೋ ಯಾರಿಗೆ ಗೊತ್ತು? ಇರಬಹುದು, ಇಲ್ಲದಿರಬಹುದು. ಅವರಿಗೂ ಇದನ್ನೇ ಹೇಳಿದೆ. ನನ್ನ ಹತ್ತಿರ ಬಚ್ಚಿಡುತ್ತಿದ್ದೀರಿ, ಮಗನಿಗಾದರೆ ನಿಜ ಹೇಳುತ್ತೀರಿ ಅಂದು, ಭರಣಿ ಇಲ್ಲೇ ಬಿಟ್ಟು ಹೊರಟುಹೋದರು."

ಮನೆಗೆ ತಂದು ಭರಣಿಯನ್ನು ಸದ್ದಿಲ್ಲದೆ ಅದರ ಜಾಗದಲ್ಲಿಟ್ಟೆ. ಅವ್ವ ನೋಡಿ, "ನಾ ಹೇಳಿದ್ದಿಲ್ಲಾ? ಹೆದರಿ ತಂದಿಟ್ಟಾಳ!" ಎಂದು ಗೆದ್ದವಳ ಹಾಗೆ ಕೂಗಿದಳು. ಅಪ್ಪ ಅಡಿಗೆಮನೆಯ ಬಾಗಿಲಿಗೆ ಬಂದರು. ಭರಣಿ ನೋಡಿದರು. ನನ್ನನ್ನು ನೋಡಿದರು. ಹಾಗೇ ಹಿಂದಕ್ಕೆ ಹೋದರು. ಮುಂದಿನ ಮೂರು ವಾರ ಅವರು ಏನೂ ಕೇಳಲಿಲ್ಲ. ಅನ್ನ ಮಾತ್ರ ಅರ್ಧಕ್ಕೆ ಬಿಡುತ್ತಿದ್ದರು.

ಉಪಾಕರ್ಮದ ದಿನ ಮಠದ ಹಜಾರದಲ್ಲಿ ಸಾಲುಸಾಲು ಬರಿ ಮೈಗಳು, ಹೊಟ್ಟೆ ಬಿಟ್ಟವರು, ಎಲುಬು ಕಾಣುವವರು, ಎದೆ ಜೋತವರೂ ಇಬ್ಬರು ಮೂವರು ಇದ್ದರು, ನಾನು ಯಾವತ್ತೂ ಕಣ್ಣೆತ್ತಿ ನೋಡಿರಲಿಲ್ಲ. ಅಂಗಿ ತೆಗೆದೆ, ಬನಿಯನ್ ತೆಗೆದೆ, ಅಪ್ಪನ ಮಗ್ಗುಲಿಗೆ ಕೂತೆ. ಯಾರೂ ತಿರುಗಿ ನೋಡಲಿಲ್ಲ. ಹೋದ ವರ್ಷ ಪಂಕ್ತಿ ಬಿಡಿ ಎಂದಿದ್ದ ಹಿರಿಯರು "ಬಂದ್ಯಾ? ಛಲೋ ಆತು, ಸರಿ ಸರಿ, ಜಾಗಾ ಬಿಡು" ಎಂದು ದಾಟಿಹೋದರು. ಅಷ್ಟೇ! ಇದಕ್ಕಾಗಿ ಹದಿನೈದು ವರ್ಷ ನೆಗಡಿ ಹಿಡಿಸಿಕೊಂಡಿದ್ದೆ.

ಪಂಚಗವ್ಯ ಕೊಟ್ಟರು, ಹೋಮವಾಯಿತು, ಹೊಸ ಜನಿವಾರ ಹಾಕಿಕೊಂಡು ಹಳೆಯದನ್ನು ತೆಗೆದೆವು. ಈ ಸಲ ನನ್ನ ಕೈ ತಾನೇ ಮೇಲೆದ್ದಿತು. ಗದ್ದಲದ ನಡುವೆ ಅಪ್ಪ ಮುಂದೆ ನೋಡುತ್ತಲೇ, ಬರೀ ನನಗೆ ಕೇಳುವಷ್ಟು ಮೆಲ್ಲಗೆ ಅಂದರು:

"ಭರಣಿ ನೀನೇ ತಂದಿ ಅಲ್ಲಾ?"

"ಹೌದ್ರಿ."

"ಡಾಕ್ಟರ್ ನಿನಗ ಏನಂದ್ರು?"

ಎದೆಯ ಮೇಲಿನ ಹೊಸ ಜನಿವಾರವನ್ನು ಎರಡು ಬೆರಳಿನಿಂದ ಎತ್ತಿ ಹಿಡಿದೆ, ಅವರಿಗೆ ಕಾಣುವ ಹಾಗೆ. ಅರಿಸಿನ ಇನ್ನೂ ಹಸಿಯಿತ್ತು.

"ಲೇಹ್ಯದಿಂದ ಅಲ್ಲಂತ್ರಿ ಅಪ್ಪಾ. ಖಡಾಖಂಡಿತ ಹೇಳ್ಯಾರ. ತಾನಾಗೇ ಬರೂದಂತ. ಇದರಾಣಿ."

ಅಪ್ಪ ನನ್ನ ಕಡೆ ತಿರುಗಿದರು. ತಳ ಹುಡುಕುವ ಆ ನೋಟಕ್ಕೆ ನಾನು ಕಾದು ಕೂತೆ. ಅದು ಬರಲಿಲ್ಲ. ಅವರು ಉಸಿರು ಬಿಟ್ಟು, "ಹಂಗಾರ ಆತು" ಎಂದರು, ಶಲ್ಯದಿಂದ ಕಣ್ಣು ಒರೆಸಿಕೊಂಡರು. ಊಟದ ಪಂಕ್ತಿಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡರು.

ಜನಿವಾರ ಹಿಡಿದು ನಾನು ಮಾಡಿದ ಅಷ್ಟೂ ಆಣೆಗಳಲ್ಲಿ ಅಪ್ಪ ನಂಬಿದ್ದು ಅದೊಂದನ್ನು. ಸುಳ್ಳು ಇದ್ದದ್ದೂ ಅದೊಂದೇ.